ಎರಡು ತಲೆಯ ಹಸು

ಅನುಮಾನಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಡಬ್ಲಿನ್ ಹೊರವಲಯದ ಸಿಟಿವೆಸ್ಟ್‌ನ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮ್ ಸರಿಯಾಗಿದೆ ಎಂದು ಅವರು ಎಷ್ಟೇ ಆಣೆ ಮಾಡಿದರೂ ನಂಬದೆ, ಅದು ಎಲ್ಲಿ ಮುರಿಯುತ್ತದೆ ಎಂದು ಹುಡುಕಿ ಫೋಟೋ ಸಮೇತ ವರದಿ ಮಾಡುವುದು ನನ್ನ ಕೆಲಸ. ಈ ಬುದ್ಧಿ ಸಂಜೆ ಐದೂವರೆಗೆ ಲ್ಯಾಪ್‌ಟಾಪ್ ಜೊತೆಗೆ ಮುಚ್ಚಿಕೊಳ್ಳುವುದಿಲ್ಲ ಎನ್ನುವುದು ನನ್ನ ಗಂಡ ದಿಲೀಪನ ದೂರು. "ಕಾತ್ಯಾಯಿನಿ, ನೀನು ಹಾಲಿನ ಡಬ್ಬಾನೂ ಕೂರ್ಸಿ ಇಂಟರ್‌ವ್ಯೂ ಮಾಡ್ತೀಯ" ಎನ್ನುತ್ತಾನೆ. ಆದರೆ ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ ಹಾಲಿನ ಡಬ್ಬದ ಮೇಲೆ ಅನುಮಾನ ಇಲ್ಲದವರು ಯಾರಿದ್ದರು ಹೇಳಿ. ನಾನಂತೂ ಬಾಳೆಹಣ್ಣನ್ನೂ ಸೋಪು ಹಾಕಿ ತೊಳೆಯುತ್ತಿದ್ದೆ.

ಅದಕ್ಕೆ ಕಾರಣವೂ ಇತ್ತು. ಮಾವ ಶಿವಣ್ಣನವರು ನಮ್ಮ ಜೊತೆಗಿದ್ದರು. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ದುಡಿದು, ಬಾಯ್ಲರ್ ಶಾಪಿನ ಚಾರ್ಜ್‌ಮನ್ ಆಗಿ ರಿಟೈರ್ ಆದವರು. ಎಪ್ಪತ್ನಾಲ್ಕು ವರ್ಷ, ಎದೆಯಲ್ಲಿ ಒಂದು ಸ್ಟೆಂಟ್, ಮೈಯಲ್ಲಿ ಸಕ್ಕರೆ. ಬಾಯ್ಲರಿನ ಒಳಗೆ ಕೂತು ಸುತ್ತಿಗೆ ಏಟು ಕೇಳಿ ಕೇಳಿ ಕಿವಿ ಮುಕ್ಕಾಲು ಪಾಲು ಹೋಗಿದೆ. ಮೂರು ತಿಂಗಳು ಇದ್ದು ಹೋಗುತ್ತೇನೆಂದು ಫೆಬ್ರವರಿಯಲ್ಲಿ ಲೂಕನ್‌ನ ನಮ್ಮ ಮನೆಗೆ ಬಂದರು, ಮಾರ್ಚಿನಲ್ಲಿ ವಿಮಾನಗಳು ನಿಂತವು. ಮೈಸೂರಿನಿಂದ ನಾದಿನಿ ವಿನೋದಿನಿ ದಿನಾ ಫೋನ್ ಮಾಡಿ, "ಅತ್ತಿಗೆ, ಅಪ್ಪನ್ನ ಹುಷಾರಾಗಿ ನೋಡ್ಕೊಳಿ. ಅವ್ರು ಹೇಳಿದ್ ಮಾತು ಕೇಳೋರಲ್ಲ" ಎನ್ನುತ್ತಿದ್ದಳು. ಮಾವನಿಗೆ ಏನಾದರೂ ಆದರೆ ದಿಲೀಪನನ್ನು ಯಾರೂ ಕೇಳುವುದಿಲ್ಲ, ನನ್ನನ್ನೇ ಕೇಳುತ್ತಾರೆ ಎನ್ನುವುದು ನನಗೆ ಗೊತ್ತಿತ್ತು.

ಎಪ್ಪತ್ತು ದಾಟಿದವರು ಮನೆಯಿಂದ ಹೊರಗೆ ಕಾಲಿಡಬಾರದೆಂದು ಸರ್ಕಾರ ಹೇಳಿತ್ತು. ಕೊಕೂನಿಂಗ್ ಎಂದು ಅದಕ್ಕೊಂದು ಮುದ್ದಾದ ಹೆಸರು ಬೇರೆ, ಮುದುಕರೆಲ್ಲ ರೇಷ್ಮೆ ಹುಳುಗಳು ಎನ್ನುವ ಹಾಗೆ. ಮಾವನಿಗೆ ನಾನು ಹಿತ್ತಿಲಿನ ಗಾರ್ಡನ್ನಿನಲ್ಲಿ ಅರ್ಧ ಗಂಟೆ ಓಡಾಡಲು ಪರ್ಮಿಶನ್ ಕೊಟ್ಟಿದ್ದೆ. ಪಕ್ಕದ ಮನೆಯ ಮರದ ಬೇಲಿಯ ಹತ್ತಿರ ಮಾತ್ರ ಸುಳಿಯಕೂಡದು ಎಂದು ಷರತ್ತು ಹಾಕಿದ್ದೆ.

ಷರತ್ತಿಗೆ ಕಾರಣ ಪಕ್ಕದ ಮನೆಯ ಫಿಂಟನ್. ನಮ್ಮದು ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಜೋಡಿ ಮನೆ. ಗೋಡೆಯ ಈಚೆಗೆ ನಾವು, ಆಚೆಗೆ ಎಂಬತ್ತಾರರ ಫಿಂಟನ್ ಒಬ್ಬರೇ. ಅವರೂ ರೈಲ್ವೆಯವರೇ, ಡಬ್ಲಿನ್‌ನ ಒಂದು ಎಂಜಿನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಕಿವಿಯೂ ಅಲ್ಲೇ ಹೋಗಿತ್ತು. ಫೆಬ್ರವರಿಯಲ್ಲಿ ಮಾವ ಎರಡು ಸಲ ಅವರ ಅಡುಗೆಮನೆಗೆ ಹೋಗಿ ಟೀ ಕುಡಿದು ಬಂದಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ಮಾವ, ಇನ್ನೊಬ್ಬ ಕಿವುಡರ ಜೊತೆ ಎರಡೆರಡು ಗಂಟೆ ಏನು ಮಾತಾಡಿದರೋ ದೇವರಿಗೇ ಗೊತ್ತು. ಕೇಳಿದರೆ "ಲೈನಿನ ವಿಷಯ" ಎಂದಿದ್ದರು.

ಮೊದಲ ಗುರುತು ಕಂಡಿದ್ದು ಏಪ್ರಿಲ್ ಎರಡನೇ ವಾರ. ಮಾವನ ರೂಮು ಮಹಡಿಯಲ್ಲಿ ಹಿತ್ತಿಲ ಕಡೆಗಿದೆ. ಹಾಸಿಗೆಯ ಚಾದರ ಬದಲಾಯಿಸುತ್ತ ಕಿಟಕಿಯಿಂದ ಹೊರಗೆ ನೋಡಿದೆ. ಗಾರ್ಡನ್ನಿನ ಕೊನೆಯಲ್ಲಿ ನಮ್ಮ ಮನೆಗೂ ಫಿಂಟನ್ ಮನೆಗೂ ಸೇರಿ ಉದ್ದಕ್ಕೆ ಒಂದೇ ಸಿಮೆಂಟ್ ಗೋಡೆ. ಅದರ ಮೇಲೆ, ನಮ್ಮ ಭಾಗದಲ್ಲಿ, ಬಿಳಿ ಸೀಮೆಸುಣ್ಣದಲ್ಲಿ ಒಂದು ವೃತ್ತ, ಅದರೊಳಗೆ ಒಂದು ಬಾಣ. ಅವರ ಭಾಗದಲ್ಲಿ ಎರಡು ವೃತ್ತ, ನಡುವೆ ಒಂದು ಗೆರೆ.

ನನ್ನ ಕೈಯಲ್ಲಿದ್ದ ದಿಂಬು ಹಾಗೇ ನಿಂತಿತು. ನಮ್ಮ ಎಸ್ಟೇಟಿನ, ಅಂದರೆ ಬಡಾವಣೆಯ, ವಾಟ್ಸಾಪ್ ಗುಂಪಿನಲ್ಲಿ ವಾರದ ಹಿಂದಷ್ಟೇ ಒಂದು ಮೆಸೇಜ್ ಸುತ್ತಾಡಿತ್ತು: ಲಾಕ್‌ಡೌನಿನಲ್ಲಿ ಕಳ್ಳರು ವಯಸ್ಸಾದವರಿರುವ ಮನೆಗಳನ್ನು ಹುಡುಕಿ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ, ವೃತ್ತವೆಂದರೆ ಮುದುಕರು, ಬಾಣವೆಂದರೆ ಒಳಗೆ ಬರುವ ದಾರಿ. ಹದಿನೇಳನೇ ನಂಬರ್ ಮನೆಯವಳು ಅದಕ್ಕೆ ಮೂರು ಕೆಂಪು ಮುಖ ಅಂಟಿಸಿದ್ದಳು. ದಿಲೀಪನಿಗೆ ಹೇಳಿದರೆ, "ಯಾವ್ದೋ ಮಕ್ಕಳ ಕೆಲ್ಸ ಬಿಡೇ, ಗ್ರ್ಯಾಂಡ್" ಎಂದು ಹೆಡ್‌ಫೋನ್ ಹಾಕಿಕೊಂಡ. ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಮಾತಿಗೊಮ್ಮೆ ಬಳಸುವ ಪದ, ಈ ದೇಶಕ್ಕೆ ಬಂದು ಅವನು ಕಲಿತದ್ದು ಅದೊಂದೇ.

ಮಾವನನ್ನು ಕೇಳಿದೆ. ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೇಳಿದೆ.

"ಗೋಡೆ ಮೇಲೇನಾ? ನಂಗೇನ್ ಗೊತ್ತಮ್ಮ" ಎಂದು ಪೇಪರಿನೊಳಗೆ ಮುಖ ಹಾಕಿದರು. ಪೇಪರ್ ಫೆಬ್ರವರಿಯದು.

ಅಲ್ಲಿಂದ ಮುಂದೆ ನಾನು ಎಲ್ಲವನ್ನೂ ಗಮನಿಸತೊಡಗಿದೆ. ಗುರುತುಗಳು ದಿನಾ ಬದಲಾಗುತ್ತಿದ್ದವು. ನಾನು ಬೆಳಗ್ಗೆ ಹತ್ತೂವರೆಗೆ ಆಫೀಸಿನ ಮೀಟಿಂಗಿಗೆ ಕೂತಾಗಲೇ ಮಾವನಿಗೆ ಗಾರ್ಡನ್ನಿನ ನೆನಪಾಗುತ್ತಿತ್ತು. ನನ್ನ ಆಫೀಸಾದ ಚಿಕ್ಕ ರೂಮು ರಸ್ತೆಯ ಕಡೆಗಿದೆ, ಹಿತ್ತಿಲು ಕಾಣುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಒಂದು ದಿನ ಅವರ ನೀಲಿ ಸ್ವೆಟರಿನ ತೋಳಿನ ಮೇಲೆ ಬಿಳಿ ಪುಡಿ ಕಂಡಿತು. "ಮಾತ್ರೆ ಪುಡಿ" ಎಂದರು. ಮೊಣಕೈಯಿಂದ ಮಾತ್ರೆ ನುಂಗುವವರನ್ನು ನಾನು ಅದೇ ಮೊದಲು ಕಂಡದ್ದು.

ಗೋಡೆ ಬೇರೆ ಸದ್ದು ಮಾಡತೊಡಗಿತ್ತು. ಎರಡು ಮನೆಗೂ ಸೇರಿದ ನಡುಗೋಡೆಯಿಂದ ಹಗಲು ಹೊತ್ತಿನಲ್ಲಿ ಟಕ್ ಟಕ್ ಟಕ್ ಎಂದು ಮೂರು ಸಲ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ಕಡೆಯಿಂದ ಟಕ್ ಟಕ್ ಎಂದು ಎರಡು. ಇನ್ನೊಮ್ಮೆ ನಮ್ಮ ಕಡೆಯಿಂದ ಮೂರು, ಆಚೆಯಿಂದ ಎರಡು. ಇಣುಕಿ ನೋಡಿದರೆ ಮಾವ ಮಂಚದ ಮೇಲೆ ಕೂತು, ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿಕೊಂಡಿರುತ್ತಿದ್ದರು. "ಬೆಚ್ಚಗೈತೆ" ಎಂದರು ಒಮ್ಮೆ. ಇಬ್ಬರು ಕಿವುಡರ ನಡುವೆ ಆ ಸದ್ದು ಕೇಳಿಸುತ್ತಿದ್ದದ್ದು ನನಗೊಬ್ಬಳಿಗೆ.

ಇವೆಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಫಿಂಟನ್ ಅವರ ದುರ್ಬೀನು. ಮಹಡಿಯ ಹಿಂದಿನ ಕಿಟಕಿಯಲ್ಲಿ ನಿಂತು ಅವರು ನಮ್ಮ ಗಾರ್ಡನ್ನನ್ನು ದುರ್ಬೀನು ಹಿಡಿದು ನೋಡುವುದನ್ನು ಬಟ್ಟೆ ಒಣಗಿಸಲು ಹೋದ ನಾನು ಎರಡು ಸಲ ಕಂಡೆ. ನಾನು ತಲೆ ಎತ್ತಿದ ಕೂಡಲೇ ಪರದೆ ಎಳೆದುಕೊಂಡರು. ಮಾವ ಬೇಲಿಯ ಹತ್ತಿರ ಹೋಗಿ ಈ ಮನುಷ್ಯನ ಜೊತೆ ಕದ್ದು ಮಾತಾಡುತ್ತಿದ್ದಾರೆ, ಆತ ಕೆಮ್ಮಿದ್ದು ಈಚೆ ಬಂದರೆ ಗತಿಯೇನು ಎಂದು ಒಂದು ಅನುಮಾನ. ಇಲ್ಲ, ಯಾರೋ ಕಳ್ಳರು ಈ ಇಬ್ಬರೂ ಮುದುಕರ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಇನ್ನೊಂದು. ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕು ಎನ್ನುವ ಬುದ್ಧಿ ಆಗ ನನಗಿರಲಿಲ್ಲ. ಎರಡನ್ನೂ ನಂಬಿದೆ.

ಆ ಶನಿವಾರ ಬೆಳಗ್ಗೆ ಒಂಬತ್ತು ಗಂಟೆ. ಅಡುಗೆಮನೆಯಲ್ಲಿ ಇರುವೆ ಸಾಲು ಹೊರಟಿತ್ತು. ಮೈಸೂರಿನಿಂದ ತಂದ ಜಿರಳೆ ಚಾಕಿನ, ಅಂದರೆ ಹುಳ ಸಾಯಿಸುವ ವಿಷದ ಸೀಮೆಸುಣ್ಣದ, ಪೆಟ್ಟಿಗೆಗೆಂದು ಸಿಂಕಿನ ಕೆಳಗೆ ಕೈ ಹಾಕಿದೆ. ಹನ್ನೆರಡಿದ್ದ ಚಾಕಿನಲ್ಲಿ ಮೂರು ಉಳಿದಿದ್ದವು. ಇರುವೆಗಳನ್ನು ಅವುಗಳ ಪಾಡಿಗೆ ಬಿಟ್ಟು ಹಿತ್ತಿಲಿಗೆ ಓಡಿದೆ.

ನಮ್ಮ ಭಾಗದ ಗೋಡೆಯ ತುಂಬ ಗೀಚಿತ್ತು. ಉದ್ದನೆಯ ಪೆಟ್ಟಿಗೆಯಂಥದ್ದು, ಅಡಿಯಲ್ಲಿ ಎರಡು ಗುಂಪು ಚಕ್ರಗಳು, ನಡುವೆ ಬಾಗಿದ ಕೊಳವೆಗಳು, ಮೂಲೆಯಲ್ಲಿ ಇನ್ನೂ ಏನೇನೋ ಗೆರೆ. ಮಾವ ಸ್ನಾನಕ್ಕೆ ಹೋಗಿದ್ದರು. ಬಕೆಟ್ಟಿಗೆ ನೀರು ತುಂಬುವ ಸದ್ದು ಮೇಲಿನಿಂದ ಕೇಳುತ್ತಿತ್ತು. ಅವರು ಸುಳ್ಳು ಹೇಳಿದ್ದರು. ನನ್ನ ಮನೆಯಲ್ಲಿ, ನನ್ನ ಚಾಕಿನಲ್ಲಿ, ನನ್ನ ಕಣ್ಣಿಗೇ ಮಣ್ಣೆರಚಿದ್ದರು. ವಿಷದ ಚಾಕ್ ಹಿಡಿದ ಕೈಯಲ್ಲೇ ಮುಖ ಒರೆಸಿಕೊಂಡಿದ್ದರೆ ಏನು ಗತಿ?

ಸಿಟ್ಟಿನಲ್ಲಿ ಮೊದಲು ಮಾಡಿದ್ದು ಅಭ್ಯಾಸದ ಕೆಲಸ. ಫೋಟೋ ತೆಗೆದೆ. "ನಮ್ಮ ಗೋಡೆಯ ಮೇಲೂ ಗುರುತು ಬಂದಿದೆ, ಎಲ್ಲರೂ ನೋಡಿಕೊಳ್ಳಿ" ಎಂದು ಎಸ್ಟೇಟಿನ ಗುಂಪಿಗೆ ಹಾಕಿದೆ. ಮಾವನದೇ ಕೈವಾಡ ಎನ್ನುವುದನ್ನು ಬರೆಯಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡೆ. ತಿರುಗಿ ನೋಡಿದರೆ ಮೇಲಿನ ಕಿಟಕಿಯಲ್ಲಿ ಫಿಂಟನ್. ಕಣ್ಣಿಗೆ ದುರ್ಬೀನು. ಈ ಸಲ ಪರದೆ ಎಳೆಯಲಿಲ್ಲ, ನನ್ನನ್ನು ನೋಡಲೂ ಇಲ್ಲ, ಗೋಡೆಯನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ದುರ್ಬೀನು ಇಳಿಸಿ ಒಳಗೆ ಹೋದರು.

ನಾನು ಪೈಪು ಎಳೆದುಕೊಂಡು ಬಂದು, ಉದ್ದ ಹಿಡಿಯ ಬ್ರಷ್ಷು ಹಿಡಿದು ಗೋಡೆ ತೊಳೆದೆ. ಅಮಾವಾಸ್ಯೆಯ ಮಾರನೇ ದಿನ ಅಂಗಳ ತೊಳೆಯುವ ಹಾಗೆ, ಒಂದು ಗೆರೆಯೂ ಉಳಿಯದ ಹಾಗೆ ಉಜ್ಜಿದೆ. ಒಳಗೆ ಬಂದು ಇಪ್ಪತ್ತು ಎಣಿಸುತ್ತ ಕೈಗೆ ಸೋಪು ಹಾಕುತ್ತಿದ್ದಾಗ ನಡುಗೋಡೆಯಿಂದ ಸದ್ದು ಬಂತು. ಟಕ್ ಟಕ್. ಎರಡೇ ಸಲ. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್. ತಟ್ಟಿಕೋ ಎಂದುಕೊಂಡೆ. ಮೇಲೆ ಮಾವ ಇನ್ನೂ ಚೊಂಬಿನಲ್ಲಿ ನೀರು ಸುರಿದುಕೊಳ್ಳುತ್ತಿದ್ದರು.

ಸ್ನಾನ ಮುಗಿಸಿ ಬಂದ ಮಾವ ಕಿಟಕಿಯಲ್ಲಿ ನಿಂತು ಒದ್ದೆ ಗೋಡೆಯನ್ನು ನೋಡಿದರು. ಕೂಗಾಡುತ್ತಾರೆ ಎಂದು ನಾನು ಸೊಂಟಕ್ಕೆ ಸಿಕ್ಕಿಸಲು ಸೆರಗಿಲ್ಲದಿದ್ದರೂ ಕೈ ಕಟ್ಟಿ ಸಿದ್ಧಳಾಗಿ ನಿಂತಿದ್ದೆ. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಏನೋ ಭಾರ ಇಳಿಸಿದವರ ಹಾಗೆ ಮಂಚದ ಮೇಲೆ ಕೂತರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ತಂದಿತು.

"ನೀವು ಅವ್ರ ಜೊತೆ ಬೇಲಿ ಹತ್ರ ಹೋಗಿ ಮಾತಾಡ್ತಿದ್ದೀರ, ಅಲ್ವಾ ಮಾವ?" ಎಂದು ಕೂಗಿದೆ.

"ಇಬ್ರೂ ಕಿವುಡ್ರು, ಬೇಲಿ ಹತ್ರ ಹೋಗಿ ಏನ್ ಮಾತಾಡೋದಮ್ಮ?" ಎಂದರು. "ಫೋನೂ ಕೇಳ್ಸಲ್ಲ. ಬಾಯ್ಲರ್ ಶಾಪಲ್ಲಿ ನಾವು ಹಿಂಗೇ ಮಾತಾಡ್ತಿದ್ದಿದ್ದು. ತಟ್ಟೋದು, ಚಾಕಲ್ಲಿ ಬರಿಯೋದು, ಕೈ ಸನ್ನೆ ಮಾಡೋದು. ಅವ್ನ ಕಾರ್ಖಾನೇಲೂ ಅದೇ. ಅವ್ನು ಅವ್ನ ಗೋಡೇಲಿ ಬರೀತಾನೆ, ನಾನು ನಮ್ ಗೋಡೇಲಿ. ಕಿಟಕೀಲಿ ನಿಂತ್ರೆ ಇಬ್ರಿಗೂ ಕಾಣ್ಸುತ್ತೆ. ಯಾರಿಗೂ ಹೇಳ್ಬೇಡ ಅಂದಿದ್ದ."

ಆಮೇಲೆ ಒಂದು ಲಕೋಟೆಯ ಹಿಂಬದಿಯಲ್ಲಿ ಬಿಡಿಸುತ್ತ ಕಥೆ ಹೇಳಿದರು.

ಅರವತ್ತು ವರ್ಷಕ್ಕೂ ಹಿಂದೆ ಫಿಂಟನ್ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಪ್ರಯೋಗಕ್ಕೆಂದು ಒಂದು ಹಬೆ ಎಂಜಿನ್ ಕಟ್ಟಿದ್ದರಂತೆ. ಈ ದೇಶದಲ್ಲಿ ಕಲ್ಲಿದ್ದಲು ಇಲ್ಲವೆನ್ನುವಷ್ಟು ಕಡಿಮೆ. ಜೌಗು ನೆಲದಿಂದ ಕಡಿದು ಒಣಗಿಸಿದ ಟರ್ಫನ್ನೇ ಉರಿಸಿ ರೈಲು ಓಡಿಸಬೇಕೆಂದು ಆಸೆ. ಮಾಮೂಲಿ ಎಂಜಿನ್ ಒಂದೇ ಚೌಕಟ್ಟಿನ ಮೇಲೆ ಕೂತಿರುತ್ತದೆ. ಇದರಲ್ಲಿ ಬಾಯ್ಲರು ನಡುವೆ, ಅದರಡಿ ಮುಂದೊಂದು ಹಿಂದೊಂದು ಚಕ್ರದ ಬಂಡಿ. ತಿರುವಿನಲ್ಲಿ ಎರಡೂ ಬಂಡಿಗಳು ತಮ್ಮಷ್ಟಕ್ಕೆ ತಾವು ತಿರುಗಿಕೊಳ್ಳುತ್ತವೆ. ಎರಡೂ ತುದಿಗೆ ಡ್ರೈವರನ ಕೋಣೆ. ಕೆಲಸಗಾರರು ಅದಕ್ಕೆ ಇಟ್ಟ ಹೆಸರು ಎರಡು ತಲೆಯ ಹಸು.

"ಬಾಯ್ಲರು ಅಲ್ಲಾಡಲ್ಲ. ಬಂಡಿ ಅಲ್ಲಾಡುತ್ತೆ. ಹಬೆ ಇಲ್ಲಿಂದ ಅಲ್ಲಿಗೆ ಹೋಗ್ಬೇಕು" ಎಂದು ಮಾವ ಕೊಳವೆಯ ನಡುವೆ ಪೆನ್ನು ಒತ್ತಿದರು. "ಅದಕ್ಕೇ ತಿರುಗೋ ಜಾಯಿಂಟು. ಹಬೆ ಸೋರದಂಗೆ ಅದರ ಸುತ್ತ ಎಣ್ಣೆ ಮಸಿ ಮೆತ್ತಿದ ಹಗ್ಗ ತುರುಕ್ತೀವಿ, ಪ್ಯಾಕಿಂಗ್ ಅಂತ. ಆ ಹಗ್ಗ ತುರುಕಿದ್ದು ಫಿಂಟನ್ನು. ಮೂರನೇ ಟ್ರಯಲ್ಲಲ್ಲಿ, ತಿರುವಲ್ಲಿ, ಜಾಯಿಂಟು ಕಿತ್ಕೊಂಡು ಹಬೆ ಎಲ್ಲಾ ಬೆಂಕಿ ಹಾಕೋನ ಕೋಣೆಗೆ ನುಗ್ತು. ಮುಚ್ಚಿದ್ ಕೋಣೆ. ಅವ್ನು ಉಳೀಲಿಲ್ಲ. ಇವ್ನ ಜೊತೆ ದಿನಾ ಊಟ ಮಾಡ್ತಿದ್ದೋನಂತೆ."

ಎಂಜಿನ್ನನ್ನು ಗುಜರಿಗೆ ಹಾಕಿದರು. ಕಾರಣ ಗೊತ್ತಾಗಲಿಲ್ಲ ಎಂದು ಕಾಗದದಲ್ಲಿ ಬರೆದು ಮುಗಿಸಿದರು. ಯಾರೂ ಫಿಂಟನ್ ಕಡೆ ಬೆರಳು ತೋರಿಸಲಿಲ್ಲ. ಆದರೆ ಆತ ಅರವತ್ತು ವರ್ಷದಿಂದ ಒಂದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದರು. ಆ ಹಗ್ಗವನ್ನು ಬಳೆ ಬಳೆಯಾಗಿ ಕತ್ತರಿಸಿ, ಒಂದರ ಸೀಳು ಇನ್ನೊಂದರ ಸೀಳಿನ ಮೇಲೆ ಬರದಂತೆ ಕೂರಿಸಬೇಕು. ಆವತ್ತು ಹೊತ್ತಾಯಿತೆಂದು ಫಿಂಟನ್ ಒಂದೇ ಉದ್ದಕ್ಕೆ ಸುರುಳಿ ಸುತ್ತಿ ತುರುಕಿದ್ದರು. ಕೊಂದದ್ದು ಆ ಎಂಜಿನ್ನೋ, ನನ್ನ ಕೈಯೋ ಎನ್ನುವುದೇ ಅವರ ಪ್ರಶ್ನೆ. ಅದನ್ನು ಕೇಳಲು ಬಾಯ್ಲರು ಬಲ್ಲವರು ಯಾರೂ ಬದುಕಿ ಉಳಿದಿರಲಿಲ್ಲ. ಆಗ ಪಕ್ಕದ ಮನೆಗೆ ಮೈಸೂರಿನಿಂದ ಒಬ್ಬರು ಬಂದರು.

"ನೀವೇನ್ ಹೇಳಿದ್ರಿ?"

"ನಮ್ ಶಾಪಲ್ಲಿ ಎರಡೇ ಗುರುತು. ಪಾಸಾದ್ರೆ ಸೊನ್ನೆ. ಫೇಲಾದ್ರೆ ಇಂಟು ಮಾರ್ಕು. ಹನ್ನೊಂದು ದಿನ ಅವ್ನು ಅಳತೆ ಬರ್ದ, ನಾನು ಲೆಕ್ಕ ಹಾಕ್ದೆ. ಇವತ್ತು ಬೆಳಗ್ಗೆ ಗುರುತು ಹಾಕಿದ್ದೆ."

"ಯಾವ್ದು?"

"ನೀನೇ ತೊಳ್ದಲ್ಲಮ್ಮ. ಹೋಗ್ಲಿ ಬಿಡು."

ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಆಗಲೇ ಗುಂಪಿನಿಂದಲೂ ಫೋನಿನಿಂದಲೂ ಆ ಫೋಟೋ ಅಳಿಸಿದೆ, ಮತ್ತೆ ನೋಡಲೂ ಮನಸ್ಸು ಬರಲಿಲ್ಲ. ಉಳಿದ ಮೂರು ಚಾಕನ್ನು ಮಾವನ ಕೈಗೆ ಕೊಟ್ಟು, ಗ್ಲೌಸನ್ನೂ ಕೊಟ್ಟು, "ಇನ್ನೊಂದ್ ಸಲ ಬರೀರಿ ಮಾವ, ಪಾಪ ಕಾಯ್ತಿರ್ತಾರೆ" ಎಂದೆ.

"ನೋಡೋಣ. ಗೋಡೆ ಒಣಗ್ಲಿ."

ಗೋಡೆ ಒಂದು ಗಂಟೆಯಲ್ಲಿ ಒಣಗಿತು. ಅವರು ಬರೆಯಲಿಲ್ಲ. ಭಾನುವಾರವೂ ಬರೆಯಲಿಲ್ಲ. ಮಂಚದ ಮೇಲೆ ಕೂತು ಗೋಡೆಗೆ ಅಂಗೈ ಒತ್ತಿಕೊಂಡೇ ಇದ್ದರು, ಸೀಮೆಸುಣ್ಣ ಮಾತ್ರ ಮುಟ್ಟಲಿಲ್ಲ. ಯಾಕೆ ಎಂದು ಕೇಳಿದರೆ ಒಮ್ಮೆ ಮೋಡ ಎಂದರು, ಒಮ್ಮೆ ಮಂಡಿನೋವು ಎಂದರು. ಎರಡನ್ನೂ ನಾನು ನಂಬಲಿಲ್ಲ. ಆಚೆಯಿಂದಲೂ ಸದ್ದಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಆಂಬ್ಯುಲೆನ್ಸ್ ಬಂತು. ಮೈತುಂಬ ಪ್ಲಾಸ್ಟಿಕ್ ತೊಟ್ಟ ಇಬ್ಬರು ಫಿಂಟನ್ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟರು. ನನ್ನ ಕಿಟಕಿಯಿಂದ ಅವರ ಬಿಳಿ ತಲೆ ಮಾತ್ರ ಕಂಡಿತು. ಮಾವ ನನ್ನ ಹಿಂದೆ ಬಂದು ನಿಂತಿದ್ದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, "ಬರೀಬೇಕಿತ್ತು" ಎಂದರು.

ನಮ್ಮ ಸಾಲಿನಲ್ಲೇ ನಾಲ್ಕು ಮನೆ ಆಚೆ ಜೋಯ್ಸ್ ಇದ್ದಾಳೆ, ಉಡುಪಿ ಕಡೆಯವಳು, ನರ್ಸು. ಫಿಂಟನ್ ಅವಳ ವಾರ್ಡಿನಲ್ಲೇ ಇದ್ದಾರೆಂದು ಮರುದಿನ ಗೊತ್ತಾಯಿತು. ಫೋನ್ ಮಾಡಿ ಬೇಡಿಕೊಂಡೆ.

"ಎಂತ ಮಾರಾಯ್ತಿ ನಿಂದು, ಮನೆಯವರಿಗೇ ಬಿಡುದಿಲ್ಲ ಇಲ್ಲಿ" ಎಂದಳು. ಅವಳ ದನಿ ದಣಿದು ಒಡೆದು ಹೋಗಿತ್ತು. "ಅವರಿಗೆ ಮನೆಯವರು ಅಂತ ಯಾರೂ ಇಲ್ಲ, ಅದೂ ಹೌದು. ನಾಳೆ ಮೂರು ಗಂಟೆಗೆ ವೀಡಿಯೊ ಮಾಡ್ತೇನೆ. ಐದು ನಿಮಿಷ. ಆಕ್ಸಿಜನ್ ಉಂಟು, ಮಾತಾಡ್ಲಿಕ್ಕೆ ಆಗುದಿಲ್ಲ ಅವರಿಗೆ."

"ಪರ್ವಾಗಿಲ್ಲ. ಇವ್ರಿಗೂ ಕೇಳ್ಸಲ್ಲ" ಎಂದೆ.

ಬರೆಯಲು ಕಪ್ಪಗಿರುವುದು ಏನಾದರೂ ಬೇಕಿತ್ತು. ಮಾವ ಮನೆಯೆಲ್ಲ ಹುಡುಕಿ ಕೊನೆಗೆ ನನ್ನ ದೋಸೆ ಹೆಂಚು ಎತ್ತಿಕೊಂಡರು. ಹನ್ನೆರಡು ವರ್ಷ ಎಣ್ಣೆ ಉಂಡು ಪಳಗಿದ ಬೀಡು ಕಬ್ಬಿಣದ ಹೆಂಚು, ಅದರ ಮೇಲೆ ಜಿರಳೆ ಚಾಕ್. ಬೇರೆ ದಿನವಾಗಿದ್ದರೆ ನಾನು ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ. ಆವತ್ತು ನಾನೇ ಅದರ ಬೆನ್ನು ಒರೆಸಿ ಕೊಟ್ಟೆ.

ಮೂರು ಗಂಟೆಗೆ ಫೋನಿನಲ್ಲಿ ಫಿಂಟನ್ ಮುಖ ಬಂತು. ಮಾಸ್ಕಿನ ಮೇಲೆ ಎರಡು ಕಣ್ಣು. ಮಾವನನ್ನು ಕಂಡು ಆ ಕಣ್ಣು ಕಿರಿದಾಯಿತು, ನಕ್ಕರೆಂದು ಕಾಣುತ್ತದೆ. ಮಾವ ಹೆಂಚಿನ ಮೇಲೆ ಒಂದು ಸೊನ್ನೆ ಎಳೆದು ಎತ್ತಿ ಹಿಡಿದರು.

ಫಿಂಟನ್ ಅದನ್ನು ನೋಡಿದರು. ಆಮೇಲೆ ಸೂಜಿ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಎತ್ತಿ, ಗಾಳಿಯಲ್ಲಿ ಬೆರಳಿನಿಂದ ಒಂದು ಸುರುಳಿ ಸುತ್ತಿದರು. ಒಂದು, ಎರಡು, ಮೂರು ಸುತ್ತು. ನನಗೂ ಅರ್ಥವಾಯಿತು. ಹಗ್ಗವನ್ನು ಸುರುಳಿ ಸುತ್ತಿದ್ದೆನಲ್ಲ, ಆದರೂ?

ಮಾವ ಹೆಂಚು ಹಿಡಿದು ಹಾಗೇ ನಿಂತರು. ಅಷ್ಟು ಹೊತ್ತು ಯಾಕೆ ನಿಂತರು ಎಂದು ನನ್ನೊಳಗಿನ ಟೆಸ್ಟರ್ ಆಗಲೂ ಕೇಳಿದಳು. ಆಮೇಲೆ ಅವರು ಹೆಂಚನ್ನು ಕೆಳಗಿಟ್ಟು, ಅದೇ ಸೊನ್ನೆಯ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ ಚಾಕ್ ಎಳೆದರು. ಚಾಕ್ ಮುರಿಯಿತು. ದಪ್ಪ ಬಿಳಿ ಸೊನ್ನೆಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡರು. ಆಚೆ ಫಿಂಟನ್ ಕಣ್ಣಲ್ಲಿ ನೀರು ಬಂತು. ಹಣೆಗೆ ಎರಡು ಬೆರಳು ಮುಟ್ಟಿಸಿದರು. ಮಾವನೂ ಮುಟ್ಟಿಸಿದರು. ಜೋಯ್ಸ್ ಫೋನು ತಿರುಗಿಸಿಕೊಂಡಳು.

ಶುಕ್ರವಾರ ಫಿಂಟನ್ ತೀರಿಕೊಂಡರು. ಫೋನು ಮುಗಿದ ಮೇಲೆ ಮಾಸ್ಕಿನೊಳಗೆ ಏನೋ ಅಂದರೆಂದೂ, ತನಗೆ ಕೇಳಿಸಿದ್ದು "ಗ್ರ್ಯಾಂಡ್" ಎಂದೂ ಜೋಯ್ಸ್ ಹೇಳಿದಳು. ಹೆಣ ಹೊತ್ತ ಗಾಡಿ ನಮ್ಮ ರಸ್ತೆಯಲ್ಲಿ ಒಂದು ನಿಮಿಷ ನಿಂತು ಹೋಯಿತು. ಎಲ್ಲರೂ ತಮ್ಮ ತಮ್ಮ ಗೇಟಿನಲ್ಲಿ ದೂರ ದೂರ ನಿಂತಿದ್ದೆವು. ಮಾವ ಆವತ್ತು ಊಟ ಮಾಡಲಿಲ್ಲ. ಆದರೂ ಒಂದು ಒಳ್ಳೆಯ ಕೆಲಸ ಮಾಡಿದೆವೆಂದು ನನಗೆ ಮನಸ್ಸು ತುಂಬಿತ್ತು. ಒಬ್ಬ ಮನುಷ್ಯ ಹಗುರಾಗಿ ಹೋದನಲ್ಲ.

ಜೂನ್‌ನಲ್ಲಿ ಹದಿನೇಳನೇ ನಂಬರಿನವಳ ಸೈಕಲ್ ಕಳವಾಯಿತು. ಅವಳು ಗುಂಪಿನಲ್ಲಿ ರೇಗಾಡುತ್ತ, "ಏಪ್ರಿಲ್‌ನಲ್ಲೇ ಗುರುತು ಬಂದಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ" ಎಂದು ಒಂದು ಫೋಟೋ ಹಾಕಿದಳು. ನಾನು ಅಳಿಸಿದ್ದ ನನ್ನದೇ ಫೋಟೋ. ಅವಳು ಉಳಿಸಿಟ್ಟುಕೊಂಡಿದ್ದಳು.

ಅದನ್ನು ದೊಡ್ಡದು ಮಾಡಿ ನೋಡಿದೆ. ಈಗ ಎಲ್ಲ ಅರ್ಥವಾಗುತ್ತಿತ್ತು: ಬಾಯ್ಲರು, ಎರಡು ಬಂಡಿ, ತಿರುಗುವ ಜಾಯಿಂಟು. ಮೂಲೆಯಲ್ಲಿ ಆ ಜಾಯಿಂಟನ್ನೇ ದೊಡ್ಡದಾಗಿ ಬಿಡಿಸಿತ್ತು. ಅದರೊಳಗೆ ಸುತ್ತಿದ ಒಂದು ಸುರುಳಿ. ಸುರುಳಿಯ ಮೇಲೆ, ಅಂಗೈ ಅಗಲ, ಇಂಟು ಮಾರ್ಕು.

ಮಾವ ಅಡುಗೆಮನೆಯ ಟೇಬಲ್ಲಿನಲ್ಲಿ ಟೀ ಕುಡಿಯುತ್ತಿದ್ದರು. ಮುಂದಿನ ವಾರದ ವಿಮಾನಕ್ಕೆ ಅವರ ಟಿಕೆಟ್ ಆಗಿತ್ತು. ಫೋನನ್ನು ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಹೆಂಗ್ ಉಳೀತು?" ಎಂದರು.

"ಫೇಲ್ ಮಾಡಿದ್ರಿ ನೀವು."

"ಎಂಜಿನ್ನೂ ತಪ್ಪು. ಅಂಥ ಜಾಯಿಂಟು ಇವತ್ತಲ್ಲ ನಾಳೆ ಕಿತ್ಕೊಳ್ಳೋದೇ. ಆದ್ರೆ ಆವತ್ತು ಕಿತ್ಕೊಂಡಿದ್ದು ಪ್ಯಾಕಿಂಗಿಂದ." ಕನ್ನಡಕ ತೆಗೆದರು. "ಕೇಳಿದ್ದಕ್ಕೆ ಇದ್ದದ್ ಇದ್ದಂಗೆ ಬರ್ದೆ. ಬರ್ದು ಸ್ನಾನಕ್ಕೆ ಹೋದೆ. ನೀರು ಹಾಕ್ಕೊಳ್ವಾಗ ಯಾಕಪ್ಪ ಬರ್ದೆ ಅನ್ನುಸ್ತು. ಬಂದ್ ನೋಡಿದ್ರೆ ನೀನು ತೊಳ್ದಿದ್ದೆ. ನಿಂಗೆ ಕೈ ಮುಗೀಬೇಕು ಅನ್ನಿಸ್ತಮ್ಮ ನಂಗೆ. ಮೂವತ್ತಾರು ವರ್ಷ ಒಂದ್ ಕೆಟ್ಟ ಜಾಯಿಂಟ್ ಪಾಸ್ ಮಾಡಿಲ್ಲ ನಾನು. ಇದೊಂದ್ ಮಾಡ್ದೆ."

ನಾನು ಫೋನಿನ ಪರದೆ ಆರಿಸಿದೆ.

"ಅವ್ನು ನೋಡಿರ್ಲಿಲ್ಲ, ಅದೊಂದೇ ಸಮಾಧಾನ" ಎಂದರು. "ಬರ್ದೋನು ಮೂರು ಸಲ ತಟ್ಬೇಕು, ನೋಡ್ದೋನು ಎರಡು ಸಲ ತಟ್ಬೇಕು, ಅದು ನಮ್ಮ ಲೆಕ್ಕ. ಆವತ್ತು ಇಡೀ ದಿನ ಗೋಡೆ ಮೇಲೆ ಕೈ ಇಟ್ಕೊಂಡೇ ಕೂತಿದ್ದೆ. ಅವ್ನು ತಟ್ಲಿಲ್ಲ." ಲೋಟವನ್ನು ಸುಮ್ಮನೆ ತಿರುಗಿಸಿದರು. ಸ್ವಲ್ಪ ಟೀ ಚೆಲ್ಲಿತು. "ನಾನು ಸ್ನಾನಕ್ಕೆ ಹೋಗಿದ್ದಾಗ ತಟ್ಟಿದ್ನೋ ಏನೋ, ಅದೊಂದೇ ಗೊತ್ತಿಲ್ಲ. ನಿಂಗೆ ಕಿವಿ ಐತಲ್ಲ. ಏನಾದ್ರೂ ಕೇಳ್ಸಿತ್ತಾ?"

ಸೋಪಿನ ನೊರೆ ಮೆತ್ತಿದ ನನ್ನ ಕೈ ನೆನಪಾಯಿತು. ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್. ಕಿಟಕಿಯಲ್ಲಿ ದುರ್ಬೀನು ಹಿಡಿದು ಗೋಡೆಯನ್ನೇ ನೋಡುತ್ತಿದ್ದ ಫಿಂಟನ್ ನೆನಪಾದರು. ಎಲ್ಲ ನೋಡಿಯೇ ಅವರು ಒಳಗೆ ಹೋಗಿ ತಟ್ಟಿದ್ದರು. ಎಲ್ಲ ಗೊತ್ತಿದ್ದೇ ಆಸ್ಪತ್ರೆಯ ಹಾಸಿಗೆಯಿಂದ ಗಾಳಿಯಲ್ಲಿ ಸುರುಳಿ ಸುತ್ತಿದ್ದರು. ಮಾವ ಎತ್ತಿ ಹಿಡಿದ ಸುಳ್ಳನ್ನು ಕಣ್ಣಿಗೊತ್ತಿಕೊಂಡು, ಮಾವನಿಗೋಸ್ಕರ ಹಣೆಗೆ ಬೆರಳು ಮುಟ್ಟಿಸಿದ್ದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಕಣ್ಣಿಗೆ ಬಿದ್ದ ತಪ್ಪನ್ನು ನಾನು ಒಮ್ಮೆಯೂ ಮುಚ್ಚಿಟ್ಟಿರಲಿಲ್ಲ.

"ಇಲ್ಲ ಮಾವ" ಎಂದೆ. "ಏನೂ ಕೇಳ್ಸಿರ್ಲಿಲ್ಲ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನೂ ಕಣ್ಣು ಮಿಟುಕಿಸದೆ ನೋಡಿದೆ. ಕೊನೆಗೆ ಟೇಬಲ್ಲಿನ ಮೇಲೆ ಚೆಲ್ಲಿದ್ದ ಟೀಯಲ್ಲಿ ಬೆರಳದ್ದಿ, ನನ್ನ ಮುಂದೆ ಒಂದು ಸೊನ್ನೆ ಎಳೆದು ಎದ್ದು ಹೋದರು.

ನಾನು ಬಟ್ಟೆ ತಂದು ಟೇಬಲ್ ಒರೆಸಿದೆ.